ಹೂಲಿ ಕೃಷ್ಣವ್ವನಿಗೆ ಚುಚ್ಚಿದ ಸೂಜಿ

ಬೈಲಹೊಂಗಲದ ಮನೆಯಲ್ಲಿ ನಮ್ಮ ಡಾಕ್ಟರಬಾಯಿ ಚಹಾ ಸೋಸುತ್ತಿದ್ದಾಗ ಸಪ್ನಾ ಅಳುತ್ತ ಬಾಗಿಲಿಗೆ ಬಂದಳು. ಸವದತ್ತಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಕೆ.

"ಬಾಯಾರ, ನನ್ನ ಪೊಲೀಸರಿಗೆ ಕೊಡ್ತಾರಂತ್ರಿ! ಹೂಲಿ ಕೃಷ್ಣವ್ವಗ ಸಕ್ಕರಿ ಸೂಜಿ ನಾನ ಮಾಡೇನಿ ಅಂತಾರ. ನಾ ಮುಟ್ಟಿಲ್ರಿ, ನಮ್ಮವ್ವನಾಣಿ!"

"ಮೊದಲ ಕುಂದರು. ಚಹಾ ಕುಡಿ. ಆಮ್ಯಾಲೆ ಹೇಳು."

ಡಾಕ್ಟರ್ ಉಮಾಶ್ರೀ ಎಂ.ಡಿ. ಮೆಡಿಸಿನ್ ಓದಿದವರು. ಕಿತ್ತೂರು, ರಾಮದುರ್ಗ, ಬೈಲಹೊಂಗಲದ ಸರಕಾರಿ ದವಾಖಾನೆಗಳಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ನೋಡಿ, ಕೇಳಿ, ಮುಟ್ಟಿ ಒಳಗಿನ ರೋಗ ಹಿಡಿಯುವುದು ಅವರ ಕಸುಬು. ಊರಲ್ಲಿ ಕಳ್ಳತನವಾದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ನಾನು ರಾಯಪ್ಪ, ಮೊದಲು ಅವರ ಜೀಪು ಓಡಿಸುತ್ತಿದ್ದೆ, ಆಮೇಲೆ ಕಾರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವರಿಗೆ ತಡವಾಗಿ ಬರುತ್ತದೆ, ಬಂದರೆ ಮುಗಿಯಿತು.

ನಡೆದದ್ದು ಇಷ್ಟು. ಸಕ್ಕರೆ ಕಾಯಿಲೆಯ ಕೃಷ್ಣವ್ವ ಹಿಂದಿನ ದಿನ ತಲೆತಿರುಗಿ ಬಂದು ಮಲಗಿದ್ದಳು. ರಕ್ತದ ಸಕ್ಕರೆ ನೋಡುವ ಪಟ್ಟಿ ಮುಗಿದಿದ್ದರಿಂದ ಸಪ್ನಾ ತರಲು ಪೇಟೆಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಯಾರೋ ಇನ್ಸುಲಿನ್ ಚುಚ್ಚಿದ್ದರು, ಮುದುಕಿ ಬೆವರಿ ಎಚ್ಚರ ತಪ್ಪಿದ್ದಳು. ಗ್ಲೂಕೋಸ್ ಏರಿಸಿ ಬದುಕಿಸಿದವಳೇ ಸಪ್ನಾ. ಆದರೆ ದವಾಖಾನೆಯ ದೊಡ್ಡ ಡಾಕ್ಟರ್ ಅಜಿತ, 'ಪೇಟೆಗೆ ಹೋಗುವ ಮುಂಚೆ ಇವಳೇ ಚುಚ್ಚಿ ಹೋದಳು' ಎಂದುಬಿಟ್ಟಿದ್ದ. ಉಳಿಸಿದವಳ ಕೊರಳಿಗೇ ಉರುಲು! ನನ್ನ ಮೈಯೆಲ್ಲ ಉರಿಯಿತು.

ಸವದತ್ತಿಗೆ ಹೋದೆವು. ಬಾಗಿಲಲ್ಲೇ ಕಂಪೌಂಡರ್ ಶಟ್ಟೆಪ್ಪ ಸಿಕ್ಕ. ಗಾಡಿಯಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ವಾರವಾಗಿತ್ತು. ಒಳಗೆ ಕೃಷ್ಣವ್ವನಿಗೆ ಪ್ರಜ್ಞೆ ಬಂದಿತ್ತು.

"ಊಟ ಆತೇನ್ ಯವ್ವಾ?" ಎಂದರು ಡಾಕ್ಟರಬಾಯಿ.

"ಇವತ್ತ ಆತ್ರಿ. ನಿನ್ನಿ ಮಂಗಳವಾರ, ಎಲ್ಲಮ್ಮನ ಉಪಾಸ ಇತ್ತು. ಯಾರೂ ಕೇಳಲಿಲ್ರಿ."

"ಸೂಜಿ ಮಾಡಿದವರು ಯಾರು?"

"ಗ್ವಾಡಿ ಕಡಿ ಮಾರಿ ಮಾಡಿದ್ದೆ, ಕಣ್ಣಿಗೆ ಕತ್ತಲಿ. ಟೊಂಕ ಮಾತ್ರ ಇನ್ನೂ ಹರಿತೈತಿ ನೋಡ್ರಿ." ಸೂಜಿ ಚುಚ್ಚಿ ನೋಯುತ್ತಿದ್ದ ಕುಂಡಿಯ ಮೇಲೆ ಅವಳು ಕೈಯಿಟ್ಟು ತೋರಿಸಿದಳು.

ಅಷ್ಟರಲ್ಲಿ ಅಜಿತ ಬಂದ. ದಿಲ್ಲಿಯಲ್ಲಿ ಎಂ.ಡಿ., ಮುಂಬಯಿಯ ದೊಡ್ಡ ಆಸ್ಪತ್ರೆಗಳಲ್ಲಿ ಅನುಭವ ಎಂದು ತನ್ನ ತುತ್ತೂರಿ ತಾನೇ ಊದಿದ. ಮಂಚದ ಬಲಗಡೆ ಜಾಗ ಖಾಲಿಯಿದ್ದರೂ ಎಡಗಡೆ ನಿಂತು, ಸೀರೆಯ ಮೇಲೆಯೇ ಸ್ಟೆತಸ್ಕೋಪ್ ಒತ್ತಿದ. ಡಾಕ್ಟರಬಾಯಿ ಅದನ್ನು ನೋಡಿದರು. ಬೇರೆ ನರ್ಸ್ ಇಲ್ಲದ್ದರಿಂದ ಪಕ್ಕದ ಮಂಚದ ಸಕ್ಕರೆ ರೋಗಿಗೆ ಸಪ್ನಾಳೇ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಇನ್ಸುಲಿನ್ ಕೊಡುವುದನ್ನೂ ನೋಡಿದರು.

ಸಂಜೆ ಮಾಲೀಕ ನಿಜಗುಣಪ್ಪನ ಕೋಣೆಯಲ್ಲಿ ಎಲ್ಲರೂ ಸೇರಿದರು. ಆತ ಕರೆಸಿದ್ದ ಇನ್‌ಸ್ಪೆಕ್ಟರ್ ಕೂಡ ಬಂದಿದ್ದರು.

"ಡಾಕ್ಟರ, ಇದು ಸಾದಾ ನೀರಿನ ಸೂಜಿ," ಎಂದರು ಉಮಾಶ್ರೀ. "ನಮ್ಮ ರಾಯಪ್ಪಗ ಸಕ್ಕರಿ ಐತಿ ಅಂತ ತಿಳೀರಿ. ಇನ್ಸುಲಿನ್ ಹೆಂಗ ಕೊಡ್ತೀರಿ, ತೋರಸ್ರಿ."

"ಅದೇನ ದೊಡ್ಡ ಮಾತು?" ಅಜಿತ ನಕ್ಕು ನನಗೆ ಹೇಳಿದ, "ಹೊಳ್ಳಿ ಮಕ್ಕೋರಿ. ಪ್ಯಾಂಟ್ ಸಡಲ ಮಾಡ್ರಿ."

"ಅಯ್ಯ, ಟೊಂಕಕ್ಕ?" ಎಂದಳು ಸಪ್ನಾ.

ಡಾಕ್ಟರಬಾಯಿ ಅವನ ಕೈ ಹಿಡಿದು ತಡೆದರು. "ಸಾಕು! ಇಲ್ಲಿ ಸೂಜಿ ಹಿಡಿಯೋರು ಮೂವರು. ಶಟ್ಟೆಪ್ಪನ ಕೈ ಪ್ಲಾಸ್ಟರಿನಾಗ ಐತಿ. ಸಪ್ನಾ ಹೊಟ್ಟಿ ಚರ್ಮದಾಗ ಮಾಡ್ತಾಳ, ಕಲಿತವರೆಲ್ಲ ಹಂಗ ಮಾಡೋದು. ಟೊಂಕ ಹರಿದ್ರ ಮಾತ್ರ ಔಷಧ ಹತ್ತೈತಿ ಅಂತ ನಂಬಿಸಿ, ಎಲ್ಲಾ ರೋಗಕ್ಕೂ ಟೊಂಕಕ್ಕ ಚುಚ್ಚೋರು ಹಳ್ಳಿ ಸೂಜಿ ಡಾಕ್ಟರು. ಮೆಡಿಸಿನ್ ಕಲಿಯೋರಿಗೆ ಮೊದಲನೇ ಪಾಠ, ರೋಗಿಯ ಬಲಕ್ಕ ನಿಂದರು. ಸಾಯೋತನಕ ಕಾಲು ಆ ರೂಢಿ ಬಿಡಂಗಿಲ್ಲ. ಎರಡನೇದು, ಊಟ ಆತೇನು ಅಂತ ಕೇಳು. ಉಪಾಸದಾಗ ಸಕ್ಕರಿ ಇಳಿದು ತಲಿ ತಿರುಗಿದ ಮುದುಕಿಗೆ ಏನೂ ನೋಡದ ಇನ್ಸುಲಿನ್ ಚುಚ್ಚಿದ್ಯಲ್ಲೋ! ಎಲ್ಲಿ ಕಲಿತಿ, ಖರೇ ಹೇಳು!"

ಅಷ್ಟು ವರ್ಷಗಳಲ್ಲಿ ಅವರು ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅಜಿತ ಕೊರಳಿನ ಸ್ಟೆತಸ್ಕೋಪ್ ತೆಗೆದು ಮೇಜಿನ ಮೇಲಿಟ್ಟ. "ರಾಮದುರ್ಗದ ಕಡಿ ಹಳ್ಯಾಗ... ಸೂಜಿ ಮಾಡ್ಕೋತ ಇದ್ದೆ," ಎಂದ. ಡಿಗ್ರಿ ಖೊಟ್ಟಿ ಎಂದೂ ಒಪ್ಪಿಕೊಂಡ.

ನಿಜಗುಣಪ್ಪ ಕೈ ಮುಗಿದ. "ಬಾಯಾರ, ದವಾಖಾನಿ ಮರ್ಯಾದಿ ಹೋಗ್ತೈತ್ರಿ. ನಮ್ಮ ನಮ್ಮಾಗ ಮುಗಿಸೂಣು."

"ಈ ಹುಡುಗಿ ಕೆಲಸಕ್ಕ ಬಂದಾಗ ನೀವು ಇಕಿ ಕಲಿತ ಸಾಲಿಗೆ ಫೋನ್ ಹಚ್ಚಿ ವಿಚಾರಿಸಿದ್ರಂತ. ಇಂವಗ? ಕೋಟು ನೋಡಿದ್ರಿ, ಇಂಗ್ಲಿಷ್ ಕೇಳಿದ್ರಿ, ಕುರ್ಚಿ ಕೊಟ್ರಿ! ಪೊಲೀಸರನ್ನ ನೀವ ಕರಿಸೀರಿ, ಛಲೋ ಆತು. ಕರಕೊಂಡು ಹೋಗ್ಲಿ. ಮೊದಲ ವಾರ್ಡಿಗೆ ನಡೀರಿ, ಎಲ್ಲಾರ ಮುಂದ ಇಕಿದು ತಪ್ಪಿಲ್ಲ ಅಂತ ಹೇಳ್ರಿ."

ನಿಜಗುಣಪ್ಪ ವಾರ್ಡಿಗೆ ಬಂದು ಹೇಳಿದ, ತಲೆ ಕೆಳಗೆ ಹಾಕಿಕೊಂಡು. ಸಪ್ನಾ ನಗಲಿಲ್ಲ, ಗೋಡೆಗೆ ಒರಗಿ ನಿಂತೇ ಇದ್ದಳು. ನಾಳೆ ಯಾವ ರೋಗಿ ತನ್ನ ಕೈಗೆ ಮೈ ಕೊಟ್ಟಾನು ಎಂಬ ಭಯ ಅವಳ ಮುಖದಲ್ಲಿ ಕಾಣುತ್ತಿತ್ತು.

ಕೃಷ್ಣವ್ವ ಮಂಚದ ಮೇಲೆ ಎದ್ದು ಕುಳಿತಳು. ಸೆರಗು ಸರಿಸಿ, ಹೊಟ್ಟೆಯ ಚರ್ಮವನ್ನು ತಾನೇ ಚಿವುಟಿ ಹಿಡಿದಳು.

"ಬಾರವ್ವಾ. ನನಗ ಇನ್ನ ಮ್ಯಾಲೆ ಸೂಜಿ ನೀನ ಮಾಡಬೇಕು."