ಅಂಕದ ಜಾಗದಲ್ಲಿ ಒಂದು ಗೆರೆ

"ಮೇಡಂ, ನೀವು ಸ್ವಲ್ಪ ಆ ಕಂಬದ ಹತ್ರ ಹೋಗಿ ನಿಂದರ್ರಿ."

ಮೇಘಾ ಕಣ್ಣರಳಿಸಿ ನೋಡಿದಳು. ಯಾರಿಗೆ ಹೇಳ್ತಿದಾನೆ ಇವನು? ತನಗಾ?!

"ಯಾಕ್ರಿ? ನಾನು ಈ ಮಕ್ಕಳ ಗೈಡ್ ಟೀಚರ್..."

"ಅದಕ್ಕ ಹೇಳಿದ್ದು. ನೀವು ಬಾಜೂಕ ಇದ್ರ ಮಕ್ಕಳು ನಿಮ್ಮ ಮಾರಿ ನೋಡಿ ಉತ್ತರ ಹೇಳ್ತಾವ."

ಬೆಳಗಾವಿಯ ಆ ಕಾಲೇಜು ಸಭಾಂಗಣದ ತುಂಬ ಜಿಲ್ಲೆಯ ಶಾಲೆಗಳ ಪ್ರಾಜೆಕ್ಟುಗಳು. ಸುಸ್ಥಿರತೆ, ಸಮುದಾಯಕ್ಕೆ ಉಪಯೋಗ, ಸೃಜನಶೀಲತೆ, ಮೂರಕ್ಕೂ ಹತ್ತು ಹತ್ತು ಅಂಕ. ಬೆಳಿಗ್ಗೆ ಆರರ ಬಸ್ಸಿಗೆ ತಮ್ಮ ಶಾಲೆಯ ಊರು ಬೀಡಿಯಿಂದ ಎರಡು ಗಡಿಗೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು ಮೇಘಾ. ಈಗ ನೋಡಿದರೆ ಕಂಬ ಕಾಯುವ ಕೆಲಸ!

ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಹೆಸರಿತ್ತು. ಅವಧೂತ, ನಿರ್ಣಾಯಕರು. ಹೆಸರು ಸಾಧುವಿನದು, ಬುದ್ಧಿ ಪೊಲೀಸರದು ಅಂದುಕೊಂಡಳು.

ಅವನು ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ದೊಡ್ಡ ಗಡಿಗೆ, ಅದರೊಳಗೆ ಸಣ್ಣ ಗಡಿಗೆ, ನಡುವೆ ಹಸಿ ಮರಳು, ಒಳಗೆ ಕೊತ್ತಂಬರಿ ಸೂಡು. ಕರೆಂಟಿಲ್ಲದ ಫ್ರಿಜ್ಜು! ಅವನು ಬೆರಳಗಂಟಿನಿಂದ ಹೊರಗಿನ ಗಡಿಗೆಯನ್ನು ಬಡಿದು ಕಿವಿಗೊಟ್ಟ.

"ಇದು ಒಡದೈತಲ್ಲ?"

ಮೇಘಾ ಕಂಬದ ಮರೆಯಿಂದ ಕತ್ತು ಚಾಚಿದಳು. ಒಡೆದಿದೆಯಾ? ಬಸ್ಸಿನಲ್ಲಿ ಎಲ್ಲಾದರೂ...

"ಒಡಕ ಗಡಿಗೀನ ಬೇಕ್ರಿ ಸರ್!" ಏಳನೇ ಕ್ಲಾಸಿನ ಸಮೃದ್ಧಿ ಮುಂದೆ ಬಂದಳು. "ಖಾನಾಪುರದ ಕುಂಬಾರರು ಸೀಳಿದ್ದನ್ನ ಮಾರೂದಿಲ್ಲ, ಬಾಜೂಕ ಇಡ್ತಾರ. ನಾವು ಅದನ್ನ ಆರಿಸಿ ತಂದೇವ್ರಿ. ಸೀಳಿನಾಗ ನೀರು ಜಿನುಗಿದ್ರ ತಂಪ ಜಾಸ್ತಿ. ಒಳಗಿನ ಗಡಿಗಿ ಮಾತ್ರ ಗಟ್ಟಿ ಇರಬೇಕ್ರಿ."

"ಮಳಿಗಾಲದಾಗ?"

"ಮಳಿಗಾಲದಾಗ ನಡ್ಯೂದಿಲ್ರಿ."

ಅಯ್ಯೋ ಹುಡುಗಿ, ಅದನ್ನು ಹೇಳಲೇಬೇಕಿತ್ತಾ! ಮೇಘಾ ಹಣೆ ಚಚ್ಚಿಕೊಂಡಳು.

ಅವಧೂತ ಏನೋ ಬರೆದುಕೊಂಡು ಎದ್ದ. ಕಂಬದ ಹತ್ತಿರ ಬಂದಾಗ ಒಂದು ಕ್ಷಣ ನಿಂತ.

"ಗಡಿಗಿ ಒಡದಿದ್ದು ನಿಮಗ ಗೊತ್ತಿರಲಿಲ್ಲ, ಹೌದಿಲ್ಲೋ?"

"...ಇಲ್ಲ."

"ಭಾಳ ಛಲೋ ಆತು. ಮಕ್ಕಳೇ ಮಾಡ್ಯಾರ ಅನ್ನೂದು ಖಾತ್ರಿ ಆತು."

ಹೊಗಳಿದನೋ, ಆಡಿಕೊಂಡನೋ? ಬಸ್ಸು ಬೀಡಿ ಮುಟ್ಟುವವರೆಗೂ ಅವಳಿಗೆ ಬಗೆಹರಿಯಲಿಲ್ಲ. ಬೇರೆಯವರ ಮಾತಾಗಿದ್ದರೆ ಖಾನಾಪುರ ದಾಟುವಷ್ಟರಲ್ಲಿ ಮರೆತಿರುತ್ತಿದ್ದಳು. ಇದನ್ನು ಯಾಕೆ ಮರೆಯಲಿಲ್ಲ ಅಂತ ನಾನು ಹೇಳಬೇಕೇ?

*

ಎರಡನೇ ಸುತ್ತು ಫೆಬ್ರವರಿಯಲ್ಲಿ. ಆಯ್ಕೆಯಾದ ಶಾಲೆಗಳ ಊರಿಗೇ ನಿರ್ಣಾಯಕರು ಹೋಗಿ, ಪ್ರಾಜೆಕ್ಟಿನಿಂದ ಜನಕ್ಕೆ ಏನಾಯಿತು ಎಂದು ನೋಡಬೇಕು. ಮೂವರೂ ಬೇರೆ ಬೇರೆ ದಿನ ಬರುತ್ತಾರೆ. ಕೊನೆಗೆ ಮೊದಲ ಸ್ಥಾನ ಬಂದ ಒಂದೇ ಶಾಲೆ ರಾಜ್ಯಮಟ್ಟಕ್ಕೆ. ಸಮೃದ್ಧಿ ಆಗಲೇ ಭಾಷಣ ಬಾಯಿಪಾಠ ಮಾಡಿ ಕೂತಿದ್ದಳು.

ಅವಧೂತ ಬೀಡಿ ಸಂತೆಯ ದಿನವೇ ಬಂದ. ಕಾಯಿಪಲ್ಲೆ ಮಾರುವ ಗಂಗೂಬಾಯಿ, ಮಕ್ಕಳು ಮಾಡಿಕೊಟ್ಟ ಗಡಿಗೆಯ ಮೇಲಿನ ಹಸಿ ಗೋಣಿತಟ್ಟು ಸರಿಸಿ, ಮೂರು ದಿನದ ಹಿಂದಿನ ಮೆಂತ್ಯೆ ತೋರಿಸಿದಳು. ಎಲೆ ಒಂದೂ ಬಾಡಿರಲಿಲ್ಲ.

ಅವನು ಆ ಗಡಿಗೆಯನ್ನೂ ಬಡಿದು ಕಿವಿಗೊಟ್ಟ. ಅಬ್ಬಾ, ಆಮೇಲೆ ಅವನ ಪ್ರಶ್ನೆಗಳೇ! ನೀರು ದಿನಕ್ಕೆ ಎಷ್ಟು ಸಲ? ಮರಳು ಎಲ್ಲಿಯದು? ಇಲಿ ಬರುವುದಿಲ್ಲವೇ? ಮೊದಲು ಉಳಿದ ಸೊಪ್ಪು ಏನು ಮಾಡುತ್ತಿದ್ದಿರಿ?

"ಎಮ್ಮಿಗೆ ಹಾಕತಿದ್ನಿ. ಈಗ ಎಮ್ಮಿ ಈ ಸಾಲಿ ಹುಡುಗರಿಗೆ ಬೈಯಾಕತ್ತೈತಿ," ಎಂದಳು ಗಂಗೂಬಾಯಿ. "ಆವಾಗಿಂದ ನನ್ನ ಕೇಳಾಕತ್ತಿ. ನಮ್ಮ ಅಕ್ಕೋರು ನಿಂತಾರ ನೋಡು, ಅವರಿಗೂ ಏನರ ಕೇಳಪಾ!"

"ಅವರಿಗೆ ಕೇಳೂ ಪ್ರಶ್ನಾ ಈ ಹಾಳ್ಯಾಗ ಇಲ್ಲಬೇ..." ಅವನ ದನಿ ಸಣ್ಣದಾಯಿತು.

ಮೇಘಾಳ ಕಿವಿ ಬೆಚ್ಚಗಾದವು. ಮಾತು ತಿರುಗಿಸಲು ತಾನೇ ಕೇಳಿದಳು.

"ಎಲ್ಲಾನೂ ಯಾಕ ಬಡಿದು ನೋಡ್ತೀರಿ?"

"ನಾ ಫೌಂಡ್ರ್ಯಾಗ ಕೆಲಸ ಮಾಡೂದ್ರಿ. ಎರಕ ಹೊಯ್ದ ಮಾಲು ಪಾಸ್ ಮಾಡ್ತೀನಿ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳತೈತಿ."

"ಮನಷಾರನ್ನೂ ಹಿಂಗ ಬಡೀತೀರೇನು?"

ಅವನು ಜೋರಾಗಿ ನಕ್ಕ. ಅವಳೂ ನಕ್ಕಳು. ಆಮೇಲೆ ಅವನು ನಗು ನಿಲ್ಲಿಸಿ ಅವಳನ್ನೇ ನೋಡಿದ... ಏನೋ ಹೊಳೆದವನಂತೆ ಅರ್ಧ ಕುಡಿದ ಚಹಾದ ಲೋಟ ಕೆಳಗಿಟ್ಟು ಫೈಲು ಮುಚ್ಚಿದ.

"ನಾ ಬರ್ತೀನ್ರಿ."

"ಚಹಾ ಆರಾಕತ್ತೈತಿ, ಕುಡ್ದ ಹೋಗ್ರಿ!"

ಅವನು ತಿರುಗಿಯೂ ನೋಡದೆ ಗಾಡಿ ಹತ್ತಿದ. ತಾನು ಏನು ತಪ್ಪು ಮಾತಾಡಿದೆ? ಎರಡು ದಿನ ಬಿಟ್ಟು, ಸ್ಪರ್ಧೆಯ ಪತ್ರದಲ್ಲಿದ್ದ ಅವನ ನಂಬರಿಗೆ, ಹಸಿರಾಗಿಯೇ ಇದ್ದ ಮೆಂತ್ಯೆಯ ಫೋಟೋ ಕಳಿಸಿದಳು. 'ಐದನೇ ದಿನ!' ಎರಡು ನೀಲಿ ಗೆರೆ ಮೂಡಿದವು. ಉತ್ತರ ಬರಲಿಲ್ಲ. ಹತ್ತು ದಿನ ಅವಳು ಫೋನನ್ನು ಎಷ್ಟು ಸಲ ತಿರುಗಿಸಿ ನೋಡಿದಳೋ, ದೇವರಿಗೇ ಗೊತ್ತು.

*

ಫಲಿತಾಂಶದ ಹಾಳೆಯನ್ನು ಬೆಳಗಾವಿಯ ಅದೇ ಕಾಲೇಜಿನ ಬೋರ್ಡಿಗೆ ಅಂಟಿಸಿದ್ದರು. ಬೀಡಿ ಶಾಲೆಯ ಸಾಲಿನಲ್ಲಿ ಮೊದಲ ನಿರ್ಣಾಯಕರದು ಇಪ್ಪತ್ತೇಳು. ಎರಡನೆಯವರದು ಇಪ್ಪತ್ತೆಂಟು. ಮೂರನೆಯದು, ಅವಧೂತನದು...

ಬರಿಯ ಒಂದು ಗೆರೆ.

ಸರಾಸರಿ ಇಪ್ಪತ್ತೇಳೂವರೆ, ಎರಡನೇ ಸ್ಥಾನ. ಅರ್ಧ ಅಂಕದಲ್ಲಿ ರಾಜ್ಯಮಟ್ಟ ಕೈತಪ್ಪಿತ್ತು.

"ಅಕ್ಕೋರ," ಸಮೃದ್ಧಿ ಆ ಗೆರೆಯ ಮೇಲೆ ಬೆರಳಿಟ್ಟಳು, "ಆ ಸರ್ ನಮ್ಮದು ಸುಳ್ಳು ಅಂದ್ರೇನ್ರಿ?"

ಸೋತದ್ದನ್ನು ಮೇಘಾ ನುಂಗಿಕೊಳ್ಳುತ್ತಿದ್ದಳು. ಈ ಪ್ರಶ್ನೆಯನ್ನು ನುಂಗಲಾಗಲಿಲ್ಲ. ಹುಡುಗಿಯ ಕೈ ಹಿಡಿದು, ವರಾಂಡದಲ್ಲಿ ಒಬ್ಬನೇ ನಿಂತಿದ್ದ ಅವಧೂತನ ಮುಂದೆ ಹೋಗಿ ನಿಂತಳು.

"ಅಂಕ ಕೊಡಲಿಲ್ಲ, ಇರಲಿ. ಈ ಮಗಳಿಗೆ ಒಂದು ಮಾತು ಹೇಳ್ರಿ. ಇವರ ಕೆಲಸ ಖರೇನೋ, ಸುಳ್ಳೋ?"

ಅವನು ಸಮೃದ್ಧಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಖರೇ ಐತಿ ತಂಗಿ. ನಾ ನೋಡಿದ್ರಾಗ ಎಲ್ಲಾಕ್ಕಿಂತ ಖರೇ ನಿಮ್ಮದು. ಐಬು ನನ್ನಾಗಿತ್ತು."

"ಹಂಗಾರ ಗೆರಿ ಯಾಕ ಎಳದ್ರಿ?" ಮೇಘಾಳ ದನಿ ಒಡೆಯಿತು.

ಪ್ರಶ್ನೆಗಳ ರಾಜ ಎದ್ದು ನಿಂತು ಸುಮ್ಮನೆ ಬ್ಯಾಡ್ಜು ಸರಿಮಾಡಿಕೊಂಡ! ಅಷ್ಟರಲ್ಲಿ ಸ್ಪರ್ಧೆ ನಡೆಸುವ ಪ್ರಮಿಳಾ ಮೇಡಂ ಹಾಳೆಯೊಂದನ್ನು ಹಿಡಿದು ಬಂದರು.

"ಈ ಮನಷ್ಯಾ ಹೇಳೂದಿಲ್ಲ. ಹೆಸರು ನಿಂದ ಐತಿ, ನೀನ ಓದು."

ಅದು ಪ್ರತಿ ನಿರ್ಣಾಯಕರೂ ತುಂಬಿಕೊಡಬೇಕಾದ ಘೋಷಣಾ ಪತ್ರ. 'ಯಾವುದೇ ಶಾಲೆಯೊಂದಿಗೆ ನಿಮಗೆ ಸಂಬಂಧವಿದೆಯೇ?' ಕೆಳಗೆ ಅವನ ಅಕ್ಷರ.

'ಬೀಡಿ ಶಾಲೆ. ಗೈಡ್ ಟೀಚರ್ ಮೇಘಾ ಅವರ ಮೇಲೆ ನನಗೆ ಪ್ರೀತಿಯಾಗಿದೆ. ಅವರಿಗೆ ಇದು ಗೊತ್ತಿಲ್ಲ. ಸಂಬಂಧ ಇನ್ನೂ ಇಲ್ಲ, ಆಗಲಿ ಎಂಬ ಆಸೆ ಇದೆ. ಆದ್ದರಿಂದ ಈ ಶಾಲೆಗೆ ಅಂಕ ಕೊಡುವ ಹಕ್ಕು ನನಗಿಲ್ಲ.'

ತಾರೀಖು ಬೀಡಿ ಸಂತೆಯ ದಿನದ್ದು. ಆ ಅರ್ಧ ಲೋಟ ಚಹಾ ಬಿಟ್ಟು ಓಡಿದ ದಿನದ್ದು!

ಮೇಘಾ ಎರಡು ಸಲ ಓದಿದಳು. ಮೂರನೇ ಸಲ ಅಕ್ಷರಗಳು ಮಸುಕಾದವು.

"ಫೋಟೋ ನೋಡಿದೆ," ಎಂದ ಅವನು. "ದಿನಾ ನೋಡಿದೆ. ಫಲಿತಾಂಶಕ್ಕಿಂತ ಮೊದಲ ನಾ ನಿಮ್ಮ ಜೋಡಿ ಒಂದು ಮಾತಾಡಿದ್ರೂ ಮಂದಿ ಮಕ್ಕಳ ಕೆಲಸಕ್ಕ ಬೆರಳ ತೋರಸ್ತಿದ್ರು. ಆದ್ರ ನನ್ನಿಂದ ನಿಮ್ಮ ಅರ್ಧ ಅಂಕ ಹೋತು... ಸಿಟ್ಟ ಮಾಡ್ರಿ, ನಿಮಗ ಹಕ್ಕೈತಿ."

"ಹೋಗ್ಲಿ ಬಿಡ್ರಿ ಅಕ್ಕೋರ." ಸಮೃದ್ಧಿ ಮೂಗೊರೆಸಿಕೊಂಡಳು. "ಖರೇ ಅಂದ್ರಲ್ಲ ಸರ್. ಮುಂದಿನ ವರ್ಷ ಮಳಿಗಾಲದ ಗಡಿಗಿ ಮಾಡೂಣು." ಪ್ರಮಿಳಾ ಮೇಡಂ ಅವಳನ್ನು ನಗುತ್ತ ಒಳಗೆ ಕರೆದೊಯ್ದರು.

ಮೇಘಾ ಕಣ್ಣೊರೆಸಿಕೊಂಡು ಪರ್ಸಿನಿಂದ ಕೆಂಪು ಪೆನ್ನು ತೆಗೆದಳು. ಟೀಚರಲ್ಲವೇ!

"ಸೃಜನಶೀಲತೆಗೆ ಹತ್ತಕ್ಕ ಹತ್ತು. ಹಿಂಗ ಫಾರ್ಮಿನಾಗ ಪ್ರೀತಿ ಹೇಳಿದವರನ್ನ ನಾ ಕಂಡಿಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಮತ್ತ... ಸುಸ್ಥಿರತೆಗೆ?"

"ಅದಕ್ಕ ಒಂದು ಪ್ರಶ್ನಾ ಐತಿ. ಇದು ಮಳಿಗಾಲದಾಗ ನಡೀತೈತೇನ್ರಿ?"

ಅವಧೂತನ ಮುಖ ಮೆಲ್ಲಗೆ ಅರಳಿತು.

"ಅದನ್ನ ಜಾಗಾಕ್ಕ ಬಂದ ನೋಡಬೇಕಾಗತೈತ್ರಿ. ಪ್ರತಿ ಐತವಾರ ಬೀಡಿಗೆ ಬರ್ತೀನಿ. ಜೂನ್ ತನಕ, ಜೂನ್ ಆದಮ್ಯಾಲೂ..."

"ಬರ್ರಿ," ಎಂದಳು ಮೇಘಾ, ಫಾರ್ಮನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಳ್ಳುತ್ತ. "ಆದ್ರ ಈ ಸಲ ಚಹಾ ಪೂರಾ ಕುಡೀಬೇಕು."