ಫೋಟೋದಲ್ಲಿ ಇಲ್ಲದ ಅವ್ವ

"ಈ ಫೋಟೋದಾಗ ನಮ್ಮವ್ವ ಎಲ್ಲಿ ಹೋದಳ್ರಿ?"

ರಾಜರತ್ನ ಕಂಪ್ಯೂಟರಿನಿಂದ ತಲೆ ಎತ್ತಿದ. ಬಾಗಿಲಲ್ಲಿ ವಿಶಾಖಾ ನಿಂತಿದ್ದಳು. ಹಣೆಯ ಮೇಲೆ ಬೆವರು, ಮುಂದೆ ಚಾಚಿದ ಕೈಯಲ್ಲಿ ಮೊಬೈಲು.

ಗೋಳಗುಮ್ಮಟದ ಹತ್ತಿರ ಗೌರಾಬಾಯಿಯವರು ನಡೆಸುತ್ತಿದ್ದ, ಮನೆ ಮತ್ತು ಸೈಟು ಮಾರಿಸುವ ಆಫೀಸು ಅದು. ಮಾರಾಟಕ್ಕಿರುವ ಮನೆಗಳ ಫೋಟೋ ತೆಗೆದು, ಚಂದ ಮಾಡಿ ಫೇಸ್‌ಬುಕ್ಕಿಗೆ ಹಾಕುವುದು ರಾಜರತ್ನನ ಕೆಲಸ. ಮನೆ ಮುಂದಿನ ಕರೆಂಟ್ ಕಂಬ, ಜೋತುಬಿದ್ದ ವೈರು, ಕಸದ ಗುಪ್ಪೆ, ಅಡ್ಡ ನಿಂತ ಟಂಟಂ ಗಾಡಿ, ಯಾವುದು ಬೇಡವೋ ಅದರ ಮೇಲೆ ಬೆರಳು ಆಡಿಸಿದರೆ ಸಾಕು. ಎಐ ಅದನ್ನು ಅಳಿಸಿ, ಅದರ ಹಿಂದೆ ಏನಿರಬಹುದೆಂದು ತಾನೇ ಊಹಿಸಿ ತುಂಬಿಬಿಡುತ್ತಿತ್ತು.

ಹತ್ತು ದಿನದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಇಟ್ಟಂಗಿಹಾಳದ ರಸ್ತೆಯ ಹೊಸ ಮನೆಯೊಂದರ ಫೋಟೋ ತೆಗೆಯಲು ಅವನು ಹೋಗಿದ್ದ. ಕಾಂಪೌಂಡಿನ ಹೊರಗೆ ಬೇವಿನ ಗಿಡದ ಬುಡದಲ್ಲಿ ವಿಶಾಖಾಳ ತಾಯಿ ಪರಸವ್ವ ಹಳೆಯ ಸೀರೆಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಿದ್ದಳು. ಹನ್ನೆರಡು ವರ್ಷದಿಂದ ಅದೇ ಅವಳ ಜಾಗ.

"ನಾನೂ ಬರ್ತೇನೇನಪಾ ಅದರಾಗ?" ಎಂದು ಅವಳೇ ಕೇಳಿದ್ದಳು.

"ಬರ್ತೀರಿ ಯವ್ವಾ. ಆರಾಮ ಕುಂದರ್ರಿ."

ಪರಸವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡಿದ್ದಳು. ಅವನಿಗೆ ನೀರು ಕೊಡಲು ಬಂದ ವಿಶಾಖಾ ನಕ್ಕಿದ್ದಳು. "ನೋಡ್ರಿ ಮತ್ತ, ನಮ್ಮವ್ವನ್ನ ಹೀರೋಯಿನ್ ಮಾಡಾಕತ್ತೀರಿ. ನಾಳೆ ಸೂಜಿ ಹಿಡಿಯೂದಿಲ್ಲ ಆಕಿ." ಆ ನಗು ಇನ್ನೊಮ್ಮೆ ಕೇಳಲೆಂದೇ ರಾಜರತ್ನ ಬೇಡದಿದ್ದರೂ ಮೂರು ಫೋಟೋ ಹೆಚ್ಚಿಗೆ ತೆಗೆದಿದ್ದ.

ಅದೇ ಮಧ್ಯಾಹ್ನ ಗೌರಾಬಾಯಿ ಪರದೆ ನೋಡಿ, "ಆ ಗಿಡಾ, ಆ ಚಿಂದಿ, ಎಲ್ಲಾ ತಗಿ. ಮನಿ ಎದ್ದು ಕಾಣಬೇಕು" ಎಂದರು. ಮೊದಲು ಗಿಡದ ಮೇಲೆ ಬೆರಳು ಆಡಿತು. ಆಮೇಲೆ ಕೌದಿಯ ಮೇಲೆ. ಕೊನೆಗೆ ಸೆರಗು ಹೊತ್ತು ನೆಟ್ಟಗೆ ಕುಳಿತ ಪರಸವ್ವನ ಮೇಲೆ. ಎರಡು ಸೆಕೆಂಡು. ಅವಳಿದ್ದಲ್ಲಿ ನುಣ್ಣನೆ ಟೈಲ್ಸು ಬಂತು.

ಈಗ ವಿಶಾಖಾ ಮೊಬೈಲನ್ನು ಅವನ ಮುಖದ ಹತ್ತಿರ ಹಿಡಿದಳು. "ಗೋಡಿ ಮ್ಯಾಲ ನೋಡ್ರಿ. ನೆರಳು ಹಂಗ ಐತಿ. ನಮ್ಮವ್ವ ಅಷ್ಟ ಇಲ್ಲ. ನನ್ನ ಫೋಟೋ ಬಂತೇನು ಅಂತ ದಿನಾ ಕೇಳ್ತಾಳ್ರಿ ಆಕಿ. ಏನು ಹೇಳ್ಲಿ?"

ಓರೆ ಬಿಸಿಲಿಗೆ ಬಿದ್ದಿದ್ದ ನೆರಳನ್ನು ಅಳಿಸಲು ಅವನು ಮರೆತಿದ್ದ. ರಾಜರತ್ನನ ಕಿವಿ ಬಿಸಿಯಾದವು.

"ಅದು... ಮಷೀನ್ ತಾನ ಮಾಡ್ತೈತ್ರಿ. ಒಮ್ಮೊಮ್ಮೆ ತಪ್ಪ ಆಗ್ತೈತಿ."

ವಿಶಾಖಾ ಅವನ ಕಣ್ಣನ್ನೇ ನೋಡಿದಳು. ನಂಬಿದಳು. ಮುಖ ಮೆತ್ತಗಾಯಿತು. "ಸುಮ್ನ ನಿಮ್ಮ ಮ್ಯಾಲ ಸಿಟ್ಟಾದೆ ನೋಡ್ರಿ. ತಪ್ಪ ತಿಳ್ಕೋಬ್ಯಾಡ್ರಿ."

ಅವಳು ಬೈದು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮರುದಿನ ಅಳಿಸದ ಫೋಟೋವನ್ನು ಪ್ರಿಂಟ್ ಹಾಕಿಸಿ ಪರಸವ್ವನಿಗೆ ಕೊಟ್ಟುಬಂದ. ಅವಳು ಅದನ್ನು ಸೆರಗಿನಲ್ಲಿ ಒರೆಸಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ದೇವರಂಥಾ ಹುಡುಗ" ಎಂದಳು. ರಾಜರತ್ನ ಚಹಾ ಕುಡಿಯದೆ ಎದ್ದುಬಂದ.

ಆದರೆ ಮತ್ತೆ ಹೋಗದೆ ಇರಲಾಗಲಿಲ್ಲ. ವಿಶಾಖಾ ತಿಕೋಟಾದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಸಂಜೆ ಬಸ್ಸಿಗೆ ಕಾಯುತ್ತ ನಿಂತರೆ, ಎದುರಿಗೆ ಕ್ಯಾಮೆರಾ ಹೆಗಲಿಗೇರಿಸಿದ ರಾಜರತ್ನ.

"ತಿಕೋಟಾದಾಗ ಇಷ್ಟು ಪ್ಲಾಟು ಅದಾವೇನ್ರಿ? ವಾರದಾಗ ಮೂರು ಸಲ ಬರ್ತೀರಿ."

"ಒಂದ ಐತ್ರಿ. ಬೆಳಕು ಸರಿ ಬೀಳವಲ್ದು."

ಅವಳು ತುಟಿ ಕಚ್ಚಿ ಬಸ್ಸು ಬರುವ ದಿಕ್ಕಿಗೆ ತಿರುಗಿದಳು. ತಿರುಗಿದ ಕೆನ್ನೆಯಲ್ಲಿ ನಗು ಇನ್ನೂ ಇತ್ತು. "ಬೆಳಕು ಸರಿ ಬೀಳೂತನಾ ಬರ್ರಿ ಹಂಗಾರ."

ಎರಡು ತಿಂಗಳಲ್ಲಿ 'ರೀ' ಹೋಗಿ 'ನೀ' ಬಂತು. ಬಸ್ಸಿನ ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ಅವನು. ಒಮ್ಮೆ ನಿದ್ದೆಯಲ್ಲಿ ಅವಳ ತಲೆ ಅವನ ಭುಜಕ್ಕೆ ವಾಲಿತು. ವಿಜಯಪುರ ಬರುವವರೆಗೂ ಅವನು ಅಲುಗಾಡಲಿಲ್ಲ. ಎಚ್ಚರವಾದಾಗ ಅವಳು, "ನಿನ್ನ ಮ್ಯಾಲ ನನಗ ಯಾಕೋ ಭಾಳ ವಿಶ್ವಾಸ ನೋಡು" ಎಂದಳು. ಅವನು ಕಿಟಕಿಯಾಚೆ ನೋಡಿದ. ಇವತ್ತು ಹೇಳಬೇಕು ಎಂದುಕೊಂಡ. ಹೇಳಲಿಲ್ಲ.

ಒಂದು ಬೆಳಿಗ್ಗೆ ಅವಳ ಫೋನು ಬಂತು. "ಲಗೂನ ಬಾ. ಅವ್ವನ್ನ ಎಬ್ಬಸಾಕತ್ತಾರ."

ಅವನು ಹೋದಾಗ ಹೊಸ ಮನೆಯ ಮುಂದೆ ಕಾರು ನಿಂತಿತ್ತು. ಮನೆ ಕೊಳ್ಳಲು ಬಂದಿದ್ದ ನಿವೃತ್ತ ಹೆಡ್ಮಾಸ್ತರರು ಮೊಬೈಲನ್ನೂ ಬೇವಿನ ಗಿಡವನ್ನೂ ಸರದಿಯಲ್ಲಿ ನೋಡುತ್ತಿದ್ದರು. ಗೌರಾಬಾಯಿ ಪರಸವ್ವನಿಗೆ ಹೇಳುತ್ತಿದ್ದರು, "ನಾಳೆಯಿಂದ ಬ್ಯಾರೆ ಕಡೆ ಕುಂದ್ರಬೇ. ಹೊಸದಾಗಿ ಬಂದು ಕುಂತು ಇವ್ರಿಗೆ ತ್ರಾಸ ಕೊಡಬ್ಯಾಡ."

"ಹೊಸದಾಗಿ?" ವಿಶಾಖಾ ಮುಂದೆ ಬಂದಳು. "ಹನ್ನೆರಡು ವರ್ಷಾತ್ರಿ! ಫೋಟೋದಾಗಿಲ್ಲ ಅಂದ್ರ ಅದು ಮಷೀನಿನ ತಪ್ಪು. ಬೇಕಾದ್ರ ಇವನ್ನ ಕೇಳ್ರಿ. ರಾಜರತ್ನ, ಹೇಳು."

ಗೌರಾಬಾಯಿ ಅವನತ್ತ ಹುಬ್ಬು ಹಾರಿಸಿದರು. "ಹೌದು ಹೌದು, ಮಷೀನ್ ಮಿಸ್ಟೇಕ್. ಅದಕ್ಯಾಕ ಗದ್ಲ? ಜಾಗಾ ಖಾಲಿ ಮಾಡಸ್ತೇವಲ್ಲ."

ಒಂದು 'ಹೌದು' ಅಂದರೆ ಮುಗಿಯುತ್ತಿತ್ತು. ವಿಶಾಖಾಳ ಕಣ್ಣಲ್ಲಿ ಅವನು ಹಾಗೇ ಉಳಿಯುತ್ತಿದ್ದ. ಪರಸವ್ವ ಮಾತ್ರ ಸೀರೆ ತುಂಡುಗಳನ್ನು ಒಂದೊಂದೇ ಮಡಚಿ ಗಂಟು ಕಟ್ಟುತ್ತಿದ್ದಳು, ಯಾರ ಮುಖವನ್ನೂ ನೋಡದೆ.

"ಮಷೀನ್ ಅಲ್ರಿ" ಎಂದ ರಾಜರತ್ನ. "ನಾನು. ಈ ಬೆರಳಿಲೆ ಅಳಿಸೀನಿ. ಗಿಡಾ ಇತ್ತು, ಯವ್ವಾನೂ ಇದ್ಲು. ಆರಾಮ ಕುಂದರ್ರಿ ಅಂತ ನಾನ ಕುಂದರ್ಸಿ, ಆಮ್ಯಾಲ ನಾನ ತಗದೇನಿ."

ತನ್ನ ಮೊಬೈಲಿನಲ್ಲಿದ್ದ ಮೂಲ ಫೋಟೋವನ್ನು ಹೆಡ್ಮಾಸ್ತರರಿಗೆ ತೋರಿಸಿದ. ಅವರು ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟರು. "ಗಿಡ ಇದ್ರ ನಾ ಬ್ಯಾಡ ಅಂತಿದ್ದಿಲ್ಲವ್ವಾ. ಇನ್ನ ಮನಿ ಒಳಗ ಏನೇನ್ ಮುಚ್ಚೀರೋ ಯಾರಿಗೆ ಗೊತ್ತು" ಎಂದು ಗೌರಾಬಾಯಿಗೆ ಹೇಳಿ ಕಾರು ಹತ್ತಿದರು. ಗೌರಾಬಾಯಿ ಕೈ ಚಾಚಿ ಆಫೀಸಿನ ಕೀಲಿ ಇಸಿದುಕೊಂಡರು.

ವಿಶಾಖಾ ನೋಡಿದ ನೋಟಕ್ಕೆ ರಾಜರತ್ನ ತಲೆ ತಗ್ಗಿಸಿ, ಆಫೀಸಿನ ಬೈಕನ್ನು ಅಲ್ಲೇ ಬಿಟ್ಟು ನಡೆದುಹೋದ.

ಇಪ್ಪತ್ತು ದಿನ ಅವನು ತಿಕೋಟಾದ ಕಡೆ ಹೋಗಲಿಲ್ಲ. ಮದುವೆ ಫೋಟೋ ತೆಗೆಯುವವನೊಬ್ಬನ ಜೊತೆ ಬಬಲೇಶ್ವರಕ್ಕೆ ಕೆಲಸಕ್ಕೆ ಹೋಗತೊಡಗಿದ. ಇಪ್ಪತ್ತೊಂದನೆಯ ದಿನ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ವಿಶಾಖಾ ಅವನೆದುರು ಬಂದು ನಿಂತಳು.

"ನಿನ್ನ ಹುಡಿಕ್ಕೋತ ಬಂದೇನಿ. ಬೈಯಾಕ."

"ಬೈ."

"ಅವ್ವ ಬೈಬ್ಯಾಡ ಅಂದ್ಲು. ಮಂದಿ ಮುಂದ ಒಪ್ಕೊಂಡ ಹುಡುಗ ಅಂದ್ಲು. ನನಗ ಅಷ್ಟು ಲಗೂ ಆಗಾಂಗಿಲ್ಲ." ಅವಳ ಕಣ್ಣು ತುಂಬಿತ್ತು. "ಅಳಿಸಿದ್ದಕ್ಕಲ್ಲ. ಎರಡು ತಿಂಗಳು ಬಾಜೂಕ ಕುಂತು ಸುಳ್ಳು ಹೇಳಿದ್ಯಲ್ಲ. ಯಾಕ?"

"ನೀ ಎದ್ದು ಹೋಗ್ತಿ ಅಂತ." ಅವನು ಕ್ಯಾಮೆರಾವನ್ನು ಹೆಗಲಿಂದ ಇಳಿಸಿದ. "ಇನ್ನೊಂದೈತಿ ವಿಶಾಖಾ. ಅದನ್ನೂ ಕೇಳು. ಆಫೀಸಿನ್ಯಾಗ ಎಲ್ಲಾರೂ ತಮ್ಮ ಮನಿ ಫೋಟೋ ತೋರ್ಸಾಕತ್ತಿದ್ರು. ನಮ್ಮೂರ ಅರಕೇರ್ಯಾಗಿನ ನಮ್ಮ ಮನಿದು ನಾನೂ ತೋರಿಸ್ದೆ. ತಗಡಿನ ಛಪ್ಪರ ತಗದು, ಆಡು ತಗದು ತೋರಿಸ್ದೆ. ಬಾಗಲದಾಗ ನಮ್ಮವ್ವ ಕುಂತಿದ್ಲು, ಕೂಲಿಯಿಂದ ಬಂದು, ಕಾಲಿಗೆ ಮಣ್ಣ ಮೆತ್ಕೊಂಡು. ಆಕೀನ್ನೂ ತಗದೆ. ನಿಮ್ಮವ್ವನಕಿಂತ ಮೊದಲ ನಮ್ಮವ್ವನ್ನ ಅಳಿಸಿದಾಂವ ನಾನು. ನಿನ್ನ ಮ್ಯಾಲ ಜೀವ ಇಟ್ಟೇನಿ. ಆದ್ರ ನಾ ಇಂಥಾಂವ."

ಬಸ್ಸೊಂದು ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು. ವಿಶಾಖಾ ಹತ್ತಲಿಲ್ಲ.

"ನಿಮ್ಮವ್ವಂದು ಆ ಫೋಟೋ, ಅಳಿಸಲಾರದ್ದು, ಐತೇನು?"

"ಇಲ್ಲ. ಡಿಲೀಟ್ ಮಾಡೇನಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕೈ ಮುಂದೆ ಬಂದು ಅವನ ಅಂಗಿಯ ತೋಳು ಹಿಡಿಯಿತು.

"ಹಂಗಾರ ನಡಿ," ಎಂದಳು, "ಮನೀನ ತೋರ್ಸು."