ತೆಗೆದಿಡದ ಪ್ರತಿ

ನೇಕಾರ ಹೊಸ ಪೇಸ್‌ಮೇಕರ್‌ಗಳ ತಂತ್ರಾಂಶವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟಿ ಮುಗಿಸಿತು. ಪರದೆಯ ಮೇಲೆ ಹಸಿರು ಗುರುತು ಮೂಡಿತು. ನೀಲಾಂಬಿಕಾ ಅದನ್ನು ಮತ್ತೊಮ್ಮೆ ನೋಡಿದಳು. ಆ ಗುರುತು ಕೆಂಪಾಗಬೇಕಿತ್ತು.

ಯಾವ ತಂತ್ರಾಂಶವನ್ನೂ ಯಾರೂ ಪೂರ್ತಿ ಹೊಸದಾಗಿ ಬರೆಯುವುದಿಲ್ಲ. ಹಿಂದಿನವರು ಬರೆದಿಟ್ಟ ತುಣುಕುಗಳನ್ನು, ಅಂದರೆ ಲೈಬ್ರರಿಗಳನ್ನು, ತಂದು ಸೇರಿಸುತ್ತಾರೆ. ಒಂದು ತುಣುಕಿಗೆ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಈ ಸರಪಳಿಯನ್ನು ತಾನೇ ಹುಡುಕಿ ಹೆಣೆಯುವ ಯಂತ್ರ ನೇಕಾರ. ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಡಾ. ಈರಪ್ಪ ಕುಬಸದ ಅದನ್ನು ರೂಪಿಸಿದ ಮೇಲೆ, ಅದಿಲ್ಲದೆ ತಂತ್ರಾಂಶ ಕಟ್ಟುವ ಅಭ್ಯಾಸವೇ ಜನರಿಗೆ ತಪ್ಪಿಹೋಗಿತ್ತು.

ನೀಲಾಂಬಿಕಾಳದು ಪರೀಕ್ಷಿಸುವ ಕೆಲಸ. ಅಂದು ಅವಳು ಹೊರಗಿನ ಸಂಪರ್ಕ ಕಡಿದು, ಪ್ರಯೋಗಾಲಯದಲ್ಲಿರುವ ಪ್ರತಿಗಳಿಂದಲೇ ಕಟ್ಟಲು ನೇಕಾರನಿಗೆ ಹೇಳಿದ್ದಳು. ಎದೆಬಡಿತಗಳ ನಡುವಿನ ಅಂತರ ಅಳೆಯುವ ತುಣುಕನ್ನು ಬೇಕೆಂದೇ ಹೊರಗೆ ತೆಗೆದಿಟ್ಟಿದ್ದಳು, ಅದಿಲ್ಲದಿದ್ದರೆ ಕೆಲಸ ನಿಲ್ಲುತ್ತದೆಯೇ ಎಂದು ನೋಡಲು. ಆದರೂ ಕೆಲಸ ನಿಲ್ಲಲಿಲ್ಲ.

ಅವಳು ಈರಪ್ಪನವರನ್ನು ಕರೆದಳು. "ಸರ್, ಇಲ್ಲದ ತುಣುಕು ಎಲ್ಲಿಂದ ಬಂತ್ರಿ?"

"ಹಳೇದು ಎಲ್ಲರೆ ಉಳದಿರಬೇಕು, ನೋಡವ್ವಾ."

"ಎಲ್ಲೂ ಇಲ್ರಿ. ನೇಕಾರ ತಾನ ಬರದೈತಿ. ಪರೀಕ್ಷೇನೂ ತಾನ ಬರಕೊಂಡು, ತಾನ ಪಾಸ್ ಮಾಡಿಕೊಂಡೈತಿ."

ಈರಪ್ಪ ಆ ತುಣುಕಿನ ಸಾಲುಗಳನ್ನು ಬಹಳ ಹೊತ್ತು ಓದಿದರು. ತಲೆಬುಡ ತಿಳಿಯಲಿಲ್ಲ. "ಕೆಲಸ ನಿಲ್ಲಬಾರದು ಅಂತಷ್ಟ ಕಲಿಸಿದ್ದೆ," ಎಂದರು. "ಆತು, ನೀ ತೆಗೆದಿಟ್ಟದ್ದನ್ನ ವಾಪಸ್ ಹಾಕು."

"ಅದನ್ನೂ ತೆರದು ನೋಡೀನ್ರಿ. ಅದೂ ನೇಕಾರನ ಬರಹನ. ಮೊದಲಿನ ತುಣುಕು ಇಟ್ಟಿದ್ದ ಹೊರಗಿನ ಉಗ್ರಾಣ ಮುಚ್ಚಿದಾಗ ಮನಷ್ಯಾರು ಬರದದ್ದು ಹೋಗೇಬಿಟ್ಟೈತಿ. ಆವತ್ತಿಂದ ಮಂದಿ ಎದಿಯೊಳಗ ಇರೋದು ಇದ."

ಈರಪ್ಪ ಕುರ್ಚಿ ಎಳೆದುಕೊಂಡು ಕೂತರು. "ನನ್ನ ಎದಿಯೊಳಗೂ," ಎಂದರು ಮೆಲ್ಲಗೆ. "ತಪ್ಪೇನರೆ ಐತೇನು ಅದರಾಗ?"

"ಗೊತ್ತಿಲ್ರಿ. ಹೋಲಿಸಿ ನೋಡಾಕ ಮೊದಲಿನದು ಇಲ್ಲ, ಗೊತ್ತು ಮಾಡಿಕೊಳ್ಳಾಕ ದಾರಿ ಇಲ್ಲ. ಅದ ಅಂಜಿಕಿ."

ಹೊಸ ಪೇಸ್‌ಮೇಕರ್‌ಗಳನ್ನು ಆ ದಿನವೇ ತಡೆಹಿಡಿದರು. ಆಗಲೇ ಜನರ ಎದೆಯೊಳಗೆ ಕೂತವುಗಳನ್ನು ತಡೆಯುವಂತಿರಲಿಲ್ಲ. ನೀಲಾಂಬಿಕಾ ಹಳೆಯ ವೈದ್ಯಗ್ರಂಥಗಳನ್ನು ಮುಂದಿಟ್ಟುಕೊಂಡು ತುಣುಕನ್ನು ಸ್ವತಃ ಬರೆಯತೊಡಗಿದಳು. ಬೇಸಿಗೆ ಕಳೆಯುವ ಹೊತ್ತಿಗೆ ಬರೆದು ಮುಗಿಸಿದಳು. ಅದನ್ನು ಕಟ್ಟಲು ನೇಕಾರನನ್ನು ಬಿಟ್ಟರೆ ಬೇರೆ ಯಂತ್ರವಿರಲಿಲ್ಲ, ಅದಕ್ಕೇ ಕೊಟ್ಟಳು. ಕೊಟ್ಟದ್ದನ್ನು ತಿರುಗಿ ತೆರೆದಾಗ ಅವಳ ಸಾಲುಗಳಲ್ಲಿ ಅರ್ಧಕ್ಕರ್ಧ ಬದಲಾಗಿದ್ದವು. ಈರಪ್ಪ ಪಕ್ಕದಲ್ಲೇ ನಿಂತಿದ್ದರು. ಅವಳು ಅವರ ಮುಖ ನೋಡಲಿಲ್ಲ.

ಎದೆಬಡಿತ ಅಳೆಯುವ ಆ ಮೊದಲ ತುಣುಕನ್ನು ಬರೆದ ಮನುಷ್ಯರು ಈ ಶತಮಾನದ ಇಪ್ಪತ್ತರ ದಶಕದವರು. ಆಗ ಅದರ ಒಂದು ಪ್ರತಿಯನ್ನು ತೆಗೆದಿಡುವುದು ಒಂದು ಗಳಿಗೆಯ ಕೆಲಸವಾಗಿತ್ತು. ಕೇಳಿದಾಗಲೆಲ್ಲ ಉಗ್ರಾಣದಿಂದ ಸಿಗುತ್ತಿತ್ತು, ಹಾಗಾಗಿ ಯಾರೂ ತೆಗೆದಿಡಲಿಲ್ಲ.